ಮೊಳಕೆಯಲ್ಲೇ ಚಿವುಟುವ ಯುದ್ಧ ನ್ಯಾಯಸಮ್ಮತವೇ?

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವನನ್ನು ಲೋಕ ಮೂರ್ಖನೆನ್ನುತ್ತದೆ. ಆದರೆ ನೆರೆಯವನು ಮುಂದೊಂದು ದಿನ ತನ್ನ ಮನೆಗೆ ಬೆಂಕಿಯಿಡಬಹುದೆಂಬ ಶಂಕೆಯಿಂದ ಇಂದೇ ಅವನ ಮನೆಯನ್ನು ಕೆಡವುವವನನ್ನು ಏನೆಂದು ಕರೆಯೋಣ? ದೂರದೃಷ್ಟಿಯುಳ್ಳವನೆನ್ನೋಣವೇ, ಆಕ್ರಮಣಕಾರನೆನ್ನೋಣವೇ? ವೈರಿ ರಾಷ್ಟ್ರವೊಂದು ಅಣ್ವಸ್ತ್ರ ತಯಾರಿಕೆಗೆ ಕೈಹಾಕಿದೆಯೆಂಬ ವಾರ್ತೆ ಬಂದಾಗಲೆಲ್ಲ ರಾಜಧಾನಿಗಳ ಮಂತ್ರಾಲೋಚನೆಯಲ್ಲಿ ಈ ಪ್ರಶ್ನೆ ತಲೆಯೆತ್ತುತ್ತದೆ. ಇದನ್ನು ಸೇನಾಪತಿಗಳ ಲೆಕ್ಕಾಚಾರಕ್ಕಷ್ಟೇ ಬಿಟ್ಟುಕೊಡಲಾಗದು. ಎಷ್ಟು ವಿಮಾನ, ಎಷ್ಟು ಬಾಂಬು ಎಂಬುದು ಅವರ ವಿದ್ಯೆ. ಮಾಡಬಹುದೇ, ಕೂಡದೇ ಎಂಬುದು ನೀತಿಯ ವಿಚಾರ. ಆದುದರಿಂದ ಇತಿಹಾಸದ ಕೆಲವು ನಿದರ್ಶನಗಳನ್ನು ಮುಂದಿಟ್ಟುಕೊಂಡು ನಾವು ಇದನ್ನು ಸಾವಧಾನವಾಗಿ ಪರಿಶೀಲಿಸೋಣ.

ಬಾಗ್ದಾದಿನ ಆ ಭಾನುವಾರ

1981ರ ಜೂನ್ 7, ಭಾನುವಾರ. ಇಸ್ರೇಲಿನ ಎಂಟು ಎಫ್-16 ಯುದ್ಧವಿಮಾನಗಳು, ಬೆಂಗಾವಲಿನ ಆರು ಎಫ್-15 ವಿಮಾನಗಳೊಡನೆ ಸಿನಾಯ್ ಪರ್ಯಾಯದ್ವೀಪದ ನೆಲೆಯಿಂದ ಮೇಲೆದ್ದು, ಸೌದಿ ಅರೇಬಿಯಾದ ಮರುಭೂಮಿಯ ಮೇಲೆ ಬಹು ತಗ್ಗಿನಲ್ಲಿ ಹಾರಿ, ಬಾಗ್ದಾದಿನ ಸಮೀಪದ ತುವೈಥಾ ಎಂಬಲ್ಲಿಗೆ ತಲುಪಿದವು. ಅಲ್ಲಿ ಫ್ರಾನ್ಸಿನ ನೆರವಿನಿಂದ ಒಸಿರಾಕ್ ಎಂಬ ಅಣುಸ್ಥಾವರದ ನಿರ್ಮಾಣ ನಡೆದಿತ್ತು. ಒಂದೊಂದೂ ಸುಮಾರು 900 ಕಿಲೋ ತೂಗುವ ಹದಿನಾರು ಬಾಂಬುಗಳು ಅದರ ಮೇಲೆ ಎರಗಿದವು. ಸ್ಥಾವರ ನಾಶವಾಯಿತು. ಹತ್ತು ಮಂದಿ ಇರಾಕಿ ಸೈನಿಕರೂ ಓರ್ವ ಫ್ರೆಂಚ್ ನಾಗರಿಕನೂ ಮೃತಪಟ್ಟರು. ವಿದೇಶಿ ತಜ್ಞರು ಕೆಲಸಕ್ಕೆ ಬಾರದ ದಿನವೆಂದೇ ಭಾನುವಾರವನ್ನು ಆರಿಸಿಕೊಂಡೆವೆಂದು ಇಸ್ರೇಲ್ ಸರಕಾರ ಹೇಳಿಕೆ ನೀಡಿತ್ತು. ಆದರೂ ಒಬ್ಬ ಬಲಿಯಾದ.

ಈ ದಾಳಿ ಆವೇಶದಲ್ಲಿ ನಡೆದುದಲ್ಲ. ಅದರ ಹಿಂದೆ ದೀರ್ಘವಾದ ವಾದವಿವಾದವಿತ್ತು. ಪ್ರಧಾನಿ ಮೆನಾಕೆಮ್ ಬೆಗಿನ್ ಅವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಲಾಗದು. ಹಿಟ್ಲರನ ಕಾಲದಲ್ಲಿ ಯೂರೋಪಿನ ಯೆಹೂದ್ಯರು ಲಕ್ಷಗಟ್ಟಲೆ ಹತರಾದುದನ್ನು ಕಂಡ ತಲೆಮಾರಿನವರು ಅವರು. ತಮ್ಮ ತಂದೆತಾಯಿಯರನ್ನೇ ಆ ಹತ್ಯಾಕಾಂಡದಲ್ಲಿ ಕಳೆದುಕೊಂಡವರು. ಸದ್ದಾಂ ಹುಸೇನರು ಇಸ್ರೇಲಿನ ನಾಶವನ್ನು ಬಹಿರಂಗವಾಗಿ ಬಯಸುತ್ತಿದ್ದರು. ಇಂಧನ ತುಂಬಿ ಸ್ಥಾವರ ಚಾಲನೆಗೊಂಡ ಬಳಿಕ ದಾಳಿ ಮಾಡಿದರೆ ವಿಕಿರಣವು ಬಾಗ್ದಾದಿನ ಅಮಾಯಕ ಜನರ ಮೇಲೆರಗುತ್ತದೆ, ಆದುದರಿಂದ ಈಗಲ್ಲದಿದ್ದರೆ ಇನ್ನೆಂದಿಗೂ ಇಲ್ಲ ಎಂಬುದು ಅವರ ತರ್ಕವಾಗಿತ್ತು. ಅದರಲ್ಲಿ ಭಯವೂ ಇತ್ತು, ಒಂದು ಬಗೆಯ ಕರುಣೆಯೂ ಇತ್ತು.

ಆದರೆ ವಿರೋಧಿಸಿದವರೂ ಸಾಮಾನ್ಯರಾಗಿರಲಿಲ್ಲ. ಗುಪ್ತಚರ ಸಂಸ್ಥೆ ಮೊಸಾದಿನ ಮುಖ್ಯಸ್ಥ ಯಿಟ್ಜಾಕ್ ಹೋಫಿ, ಸೇನಾ ಗುಪ್ತಚರ ವಿಭಾಗದ ಮುಖ್ಯಸ್ಥ ಯೆಹೋಶುವಾ ಸಗುಯ್, ಉಪಪ್ರಧಾನಿ ಯಿಗಾಯೆಲ್ ಯಾದಿನ್ ಇವರೆಲ್ಲ ಆಕ್ಷೇಪವೆತ್ತಿದ್ದರು. ವಿರೋಧ ಪಕ್ಷದ ನಾಯಕ ಶಿಮೊನ್ ಪೆರೆಸ್ ದಾಳಿ ಬೇಡವೆಂದು ಪ್ರಧಾನಿಗೆ ಪತ್ರ ಬರೆದಿದ್ದರು. ದಾಳಿಯ ಹನ್ನೆರಡನೆಯ ದಿನ, ಜೂನ್ 19ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 487ನೆಯ ಠರಾವಿನ ಮೂಲಕ ಕೃತ್ಯವನ್ನು ಸರ್ವಾನುಮತದಿಂದ ಖಂಡಿಸಿತು. ಇಸ್ರೇಲಿನ ಆಪ್ತಮಿತ್ರ ಅಮೆರಿಕವೂ ಅದರ ಪರವಾಗಿಯೇ ಮತ ನೀಡಿತು.

ತಕ್ಕಡಿಯಲ್ಲಿ ಇಟ್ಟು ನೋಡಿದಾಗ

ಯುದ್ಧ ಯಾವಾಗ ನ್ಯಾಯವೆಂಬ ಚಿಂತನೆಯಲ್ಲಿ ಧರ್ಮಸಭೆಯ ಪಂಡಿತರು ಶತಮಾನಗಳಿಂದ ತೊಡಗಿದ್ದಾರೆ. ನ್ಯಾಯವಾದ ಅಧಿಕಾರ, ನ್ಯಾಯವಾದ ಕಾರಣ, ಋಜುವಾದ ಉದ್ದೇಶ ಎಂಬ ಮೂರು ನಿಬಂಧನೆಗಳನ್ನು 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ವಿಧಿಸಿದರು. ಮುಂದಿನವರು ಅವುಗಳಿಗೆ ಇನ್ನೂ ಕೆಲವನ್ನು ಸೇರಿಸಿದರು: ಒದಗಿರುವ ಅಪಾಯ ಘೋರವೂ ನಿಶ್ಚಿತವೂ ಆಗಿರಬೇಕು, ಉಳಿದ ಎಲ್ಲ ಉಪಾಯಗಳೂ ನಿಷ್ಫಲವಾಗಿರಬೇಕು, ಯಶಸ್ಸಿನ ಭರವಸೆ ಇರಬೇಕು, ಪರಿಹಾರವು ರೋಗಕ್ಕಿಂತ ಹೆಚ್ಚಿನ ಕೇಡನ್ನು ತರಬಾರದು.

ಮೊದಲನೆಯದನ್ನೇ ತೆಗೆದುಕೊಳ್ಳೋಣ. ಕೈಯಲ್ಲಿ ಕತ್ತಿ ಹಿರಿದು ಮೇಲೆ ಬೀಳುತ್ತಿರುವವನನ್ನು ತಡೆಯುವುದು ಬೇರೆ, ಕಮ್ಮಾರನ ಕುಲುಮೆಗೆ ಕಬ್ಬಿಣ ಕೊಂಡೊಯ್ಯುತ್ತಿರುವವನನ್ನು ಕೊಲ್ಲುವುದು ಬೇರೆ. ಮೊದಲನೆಯದು ಆತ್ಮರಕ್ಷಣೆ, ಎರಡನೆಯದರಲ್ಲಿ ಅವನು ಮುಂದೆ ಮಾಡಬಹುದಾದ ಅಪರಾಧಕ್ಕೆ ಇಂದೇ ಶಿಕ್ಷೆ. ಸಲಮಾಂಕಾ ವಿಶ್ವವಿದ್ಯಾನಿಲಯದ ಡೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯ 1539ರಲ್ಲೇ ಈ ಭೇದವನ್ನು ಕಂಡಿದ್ದರು. ಶತ್ರುಗಳ ಮಕ್ಕಳು ದೊಡ್ಡವರಾಗಿ ನಮ್ಮ ಮೇಲೆ ಬಂದಾರೆಂಬ ಭಯದಿಂದ ಅವರನ್ನು ಈಗಲೇ ಕೊಲ್ಲಬಹುದೇ ಎಂಬ ಪ್ರಶ್ನೆಗೆ, ಇನ್ನೂ ಮಾಡದ ಪಾಪಕ್ಕಾಗಿ ಯಾರನ್ನೂ ಕೊಲ್ಲಲಾಗದೆಂದು ಅವರು ಉತ್ತರಿಸಿದರು. ಅಣ್ವಸ್ತ್ರದ ಯುಗದಲ್ಲಿ ಕಾದುಕುಳಿತರೆ ಪ್ರತಿರಕ್ಷಣೆಗೆ ಅವಕಾಶವೇ ಉಳಿಯದೆಂಬ ಪ್ರತಿವಾದವುಂಟು. ಆ ಮಾತು ತೂಕದ್ದೇ. ಆದರೆ ಅದು ಅಪಾಯದ ಗಾತ್ರವನ್ನು ಹಿಗ್ಗಿಸುತ್ತದೆಯೇ ಹೊರತು ಅದರ ನಿಶ್ಚಿತತೆಯನ್ನಲ್ಲ. ಭೀತಿ ದೊಡ್ಡದಾದಷ್ಟೂ ಸಾಕ್ಷ್ಯವೂ ದೊಡ್ಡದಿರಬೇಕು.

ಸಾಕ್ಷ್ಯವಿಲ್ಲದ ಭೀತಿ ಎಲ್ಲಿಗೆ ಒಯ್ಯುವುದೆಂಬುದನ್ನು 2003ರಲ್ಲಿ ಲೋಕ ಕಂಡಿತು. ಸರ್ವನಾಶಕ ಶಸ್ತ್ರಾಸ್ತ್ರಗಳಿವೆಯೆಂದು ಸಾರಿ ಅಮೆರಿಕವೂ ಅದರ ಮಿತ್ರರೂ ಇರಾಕಿನ ಮೇಲೆ ಯುದ್ಧ ಸಾರಿದರು. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಕಾರ್ಡಿನಲ್ ಎಚೆಗರೆಯವರನ್ನು ಬಾಗ್ದಾದಿಗೂ ಕಾರ್ಡಿನಲ್ ಪಿಯೊ ಲಾಘಿಯವರನ್ನು ವಾಷಿಂಗ್ಟನ್ನಿಗೂ ಕಳುಹಿಸಿ ಯುದ್ಧ ಬೇಡವೆಂದು ಬೇಡಿಕೊಂಡರು. ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಯುದ್ಧ ನಡೆಯಿತು, ಹೇಳಿದ ಶಸ್ತ್ರಾಸ್ತ್ರಗಳ ಭಂಡಾರ ಸಿಗಲಿಲ್ಲ, ಲಕ್ಷಾಂತರ ಜೀವಗಳು ಹೋದವು. ಅಪೊಸ್ತಲರ ಕಾಲದ ಪರಂಪರೆಯುಳ್ಳ ಅಲ್ಲಿನ ಕ್ರೈಸ್ತ ಸಮುದಾಯವೂ ಚದುರಿಹೋಯಿತು.

ಕಟ್ಟಡ ಬಿತ್ತು, ಸಂಕಲ್ಪ ಬೀಳಲಿಲ್ಲ

ಯಶಸ್ಸಿನ ಮಾತನ್ನೂ ನೋಡೋಣ. 1981ರ ದಾಳಿ ಇರಾಕಿನ ಅಣ್ವಸ್ತ್ರವನ್ನು ತಡೆಯಿತೆಂದು ನಂಬುವವರು ಅನೇಕರಿದ್ದಾರೆ. ಕುವೈತನ್ನು ನುಂಗಿದ ಸದ್ದಾಂ ಹುಸೇನರ ಕೈಯಲ್ಲಿ 1990ರಲ್ಲಿ ಅಣುಬಾಂಬು ಇದ್ದಿದ್ದರೆ ಗತಿಯೇನಾಗುತ್ತಿತ್ತು ಎಂದು ಅವರು ಕೇಳುತ್ತಾರೆ. ಆ ವರ್ಷ ಉಟ್ಟ ಬಟ್ಟೆಯಲ್ಲಿ ಕುವೈತಿನಿಂದ ಮರಳಿದವರು ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಇರುವುದರಿಂದ ಈ ಪ್ರಶ್ನೆಯ ಬಿಸಿ ನಮಗೂ ತಟ್ಟುತ್ತದೆ.

ಆದರೆ ವಸ್ತುಸ್ಥಿತಿ ಅಷ್ಟು ಸರಳವಲ್ಲ. ಒಸಿರಾಕ್ ಬಯಲಿನಲ್ಲಿತ್ತು. ಇರಾಕ್ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿತ್ತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣಾಧಿಕಾರಿಗಳೂ ಫ್ರೆಂಚ್ ತಂತ್ರಜ್ಞರೂ ಆ ಸ್ಥಾವರಕ್ಕೆ ಹೋಗಿಬರುತ್ತಿದ್ದರು. ಅದು ನಾಶವಾದ ಬಳಿಕ ಇರಾಕ್ ತನ್ನ ಯತ್ನವನ್ನು ಕೈಬಿಡಲಿಲ್ಲ, ಬಚ್ಚಿಟ್ಟಿತು. ಹೆಚ್ಚು ಹಣ, ಹೆಚ್ಚು ವಿಜ್ಞಾನಿಗಳನ್ನು ತೊಡಗಿಸಿ ಯುರೇನಿಯಂ ಪುಷ್ಟೀಕರಿಸುವ ಗುಪ್ತಮಾರ್ಗವನ್ನು ಹಿಡಿಯಿತು. 1991ರ ಯುದ್ಧದಲ್ಲಿ ಸುಮಾರು ಆರು ವಾರ ಆಕಾಶದಿಂದ ಬಾಂಬುಗಳ ಮಳೆ ಸುರಿದರೂ ಆ ಕಾರ್ಯಕ್ರಮದ ನಿಜವಾದ ವಿಸ್ತಾರ ತಿಳಿದದ್ದು, ಯುದ್ಧದ ನಂತರ ತಪಾಸಣಾಧಿಕಾರಿಗಳು ನೆಲದ ಮೇಲೆ ನಡೆದು, ಬಾಗಿಲು ತೆರೆದು, ಕಡತ ಓದಿದಾಗ. ಕಟ್ಟಡವನ್ನು ಕೆಡವಬಹುದು, ತಲೆಯೊಳಗಿನ ವಿದ್ಯೆಯನ್ನೂ ಎದೆಯೊಳಗಿನ ದ್ವೇಷವನ್ನೂ ಬಾಂಬು ಮುಟ್ಟಲಾರದು.

ಸಂಧಾನದ ಹಾದಿಯೂ ಸುಗಮವಲ್ಲ

ಹಾಗಾದರೆ ಸಂಧಾನವೊಂದೇ ಸಾಕೇ? ಇಲ್ಲಿಯೂ ನಾವು ಸತ್ಯವನ್ನು ಮರೆಮಾಚಬಾರದು. 1994ರಲ್ಲಿ ಉತ್ತರ ಕೊರಿಯಾ ಯೊಂಗ್‌ಬ್ಯೊನ್ ಸ್ಥಾವರದಿಂದ ಸುಮಾರು 8,000 ಇಂಧನ ಸರಳುಗಳನ್ನು ಹೊರತೆಗೆಯಿತು. ಅಮೆರಿಕದ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರಿ ದಾಳಿಯ ಯೋಜನೆಯನ್ನು ಪರಿಶೀಲಿಸಿದರು. ಆದರೆ ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್ ಗಡಿಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಲಕ್ಷೋಪಲಕ್ಷ ಜನ ಶತ್ರುವಿನ ಫಿರಂಗಿಗಳ ನೆರಳಿನಲ್ಲಿದ್ದರು. ಯುದ್ಧವಾದರೆ ಮೊದಲ 90 ದಿನಗಳಲ್ಲೇ 52,000 ಅಮೆರಿಕನ್ ಸೈನಿಕರೂ 4,90,000 ದಕ್ಷಿಣ ಕೊರಿಯಾ ಸೈನಿಕರೂ ಸಾವುನೋವಿಗೆ ಈಡಾಗುವರೆಂಬ ಅಂದಾಜು ಅಧ್ಯಕ್ಷ ಕ್ಲಿಂಟನ್ ಅವರ ಮುಂದಿತ್ತು. ಆ ಜೂನ್ ತಿಂಗಳಲ್ಲಿ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪ್ಯೊಂಗ್‌ಯಾಂಗಿಗೆ ತೆರಳಿ ಕಿಮ್ ಇಲ್ ಸುಂಗರೊಡನೆ ಮಾತನಾಡಿದರು. ಅಕ್ಟೋಬರ್‌ನಲ್ಲಿ ಜಿನೀವಾದಲ್ಲಿ ಒಪ್ಪಂದವಾಯಿತು. ಯೊಂಗ್‌ಬ್ಯೊನ್ ಸುಮಾರು ಎಂಟು ವರ್ಷ ಸ್ತಬ್ಧವಾಯಿತು. ಆದರೆ ಒಪ್ಪಂದ ಕೊನೆಗೂ ಮುರಿಯಿತು. 2006ರ ಅಕ್ಟೋಬರ್ 9ರಂದು ಉತ್ತರ ಕೊರಿಯಾ ತನ್ನ ಮೊದಲ ಅಣ್ವಸ್ತ್ರ ಪರೀಕ್ಷೆ ನಡೆಸಿತು.

ಹೀಗೆ ಎರಡು ಹಾದಿಗಳಿಗೂ ಬೆಲೆಯುಂಟು. ಆದರೆ ಎರಡು ಬೆಲೆಗಳೂ ಒಂದೇ ಜಾತಿಯವಲ್ಲ. ಮುರಿದ ಮಾತುಕತೆಯನ್ನು ಮರುವರ್ಷ ಮತ್ತೆ ಆರಂಭಿಸಬಹುದು. ಸತ್ತವರನ್ನು ಎಬ್ಬಿಸುವ ಒಪ್ಪಂದವಿಲ್ಲ. 1994ರಲ್ಲಿ ಸಾಯದೆ ಉಳಿದ ಸಿಯೋಲಿನ ಮಕ್ಕಳು ಇಂದು ತಾವೇ ತಂದೆತಾಯಿಯರಾಗಿದ್ದಾರೆ. ರಾಜನೀತಿಯ ಲೆಕ್ಕಪುಸ್ತಕದಲ್ಲಿ ಈ ಜಮೆಗೆ ಅಂಕಣವಿಲ್ಲದಿರಬಹುದು. ನೀತಿಯ ಪುಸ್ತಕದಲ್ಲಿ ಇದ್ದೇ ಇದೆ.

ಇದೇ ಪಾಠವನ್ನು 2025ರ ಜೂನ್ ತಿಂಗಳು ಮತ್ತೊಮ್ಮೆ ಮುಂದಿಟ್ಟಿತು. 2015ರ ಒಪ್ಪಂದದಂತೆ ಇರಾನ್ ಇಟ್ಟುಕೊಳ್ಳಬಹುದಾಗಿದ್ದ ಪುಷ್ಟೀಕರಿಸಿದ ಯುರೇನಿಯಂ 300 ಕಿಲೋ, ಅದೂ ಶೇ. 3.67ರ ಮಟ್ಟದ್ದು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರನಡೆಯಿತು. 2025ರ ಜೂನ್ ವೇಳೆಗೆ ಇರಾನಿನ ಬಳಿ ಶೇ. 60ರ ಮಟ್ಟದ ಯುರೇನಿಯಮ್ಮೇ 400 ಕಿಲೋ ಮೀರಿತ್ತು. ಇದು ವಿದ್ಯುತ್ತಿಗೆ ಬೇಕಾದ ಮಟ್ಟವಲ್ಲ. ಭೀತಿಗೆ ಕಾರಣವಿರಲಿಲ್ಲವೆಂದು ಹೇಳಲಾಗದು. ಆದರೆ ಜೂನ್ 13ರಂದು ಇಸ್ರೇಲ್ ದಾಳಿ ಆರಂಭಿಸಿದಾಗ, ಎರಡೇ ದಿನಗಳ ಬಳಿಕ ಒಮಾನಿನಲ್ಲಿ ಅಮೆರಿಕ ಮತ್ತು ಇರಾನ್ ನಡುವೆ ಮುಂದಿನ ಸುತ್ತಿನ ಮಾತುಕತೆ ನಿಗದಿಯಾಗಿತ್ತು. ಜೂನ್ 22ರಂದು ಅಮೆರಿಕದ ವಿಮಾನಗಳು ಬೆಟ್ಟದಡಿಯ ಫೋರ್ಡೊ ಘಟಕದ ಮೇಲೆ ಮಹಾಬಾಂಬುಗಳನ್ನು ಹಾಕಿದವು. ಕಟ್ಟಡಗಳಿಗೆ ಭಾರೀ ಹಾನಿಯಾಯಿತು. ಆದರೆ ಆ ಯುರೇನಿಯಮ್ಮಿನ ಗತಿಯೇನಾಯಿತೆಂದು ತಿಂಗಳುಗಳ ಬಳಿಕವೂ ತಪಾಸಣಾಧಿಕಾರಿಗಳಿಗೆ ಖಚಿತಪಡಿಸಿಕೊಳ್ಳಲಾಗಲಿಲ್ಲ. ಮೊದಲು ಕಣ್ಣಿಗೆ ಕಾಣುತ್ತಿದ್ದ ಅಪಾಯ ದಾಳಿಯ ಬಳಿಕ ಕಾಣದ ಅಪಾಯವಾಯಿತು.

ನಮ್ಮ ಅಂಗಳದ ಮಾತು

ತತ್ವವೊಂದು ನಿಜವಾದ ತತ್ವವಾಗಬೇಕಾದರೆ ಅದು ಎಲ್ಲರಿಗೂ ಸಮಾನವಾಗಿ ಅನ್ವಯಿಸಬೇಕು. ಶಂಕೆ ಬಂದ ಕೂಡಲೇ ದಾಳಿ ಮಾಡುವ ಹಕ್ಕು ಒಂದು ರಾಷ್ಟ್ರಕ್ಕೆ ಇರುವುದಾದರೆ ಎಲ್ಲ ರಾಷ್ಟ್ರಗಳಿಗೂ ಇರಬೇಕಾಗುತ್ತದೆ. ಭಾರತವೂ ಆ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿದ ರಾಷ್ಟ್ರವಲ್ಲ. 1974ರಲ್ಲಿ ಪೋಖ್ರಾನಿನಲ್ಲಿ ಸ್ಫೋಟ ನಡೆಸಿದೆ. ಆ ಹಕ್ಕನ್ನು ನಮ್ಮ ವಿರುದ್ಧ ಯಾರಾದರೂ ಚಲಾಯಿಸಿದ್ದರೆ ಅದನ್ನು ನ್ಯಾಯವೆಂದು ನಾವು ಒಪ್ಪುತ್ತಿದ್ದೆವೇ? ಕಾಳಿ ನದಿಯ ದಂಡೆಯ ಕೈಗಾ ಅಣುಸ್ಥಾವರವನ್ನು ನೆನೆದು ಈ ಪ್ರಶ್ನೆಗೆ ಉತ್ತರಿಸಬೇಕು.

1980ರ ದಶಕದಲ್ಲಿ ಪಾಕಿಸ್ತಾನದ ಕಹೂಟಾ ಘಟಕದ ಮೇಲೆ ಭಾರತ ದಾಳಿ ಮಾಡುವ ವಿಚಾರದಲ್ಲಿದೆಯೆಂಬ ವರದಿಗಳು ಬಂದಿದ್ದವು. ಆ ದಶಕ ಮುಗಿದುದು ಬೇರೆ ರೀತಿಯಲ್ಲಿ. 1988ರ ಡಿಸೆಂಬರ್ 31ರಂದು ರಾಜೀವ ಗಾಂಧಿಯವರೂ ಬೇನಜೀರ್ ಭುಟ್ಟೋ ಅವರೂ ಇಸ್ಲಾಮಾಬಾದಿನಲ್ಲಿದ್ದಾಗ, ಪರಸ್ಪರರ ಅಣುಕೇಂದ್ರಗಳ ಮೇಲೆ ದಾಳಿ ಮಾಡಬಾರದೆಂಬ ಒಪ್ಪಂದಕ್ಕೆ ಎರಡೂ ದೇಶಗಳು ಬದ್ಧವಾದವು. ಅದು 1991ರ ಜನವರಿಯಲ್ಲಿ ಜಾರಿಗೆ ಬಂದಿತು. 1992ರಿಂದ ಜನವರಿ 1ರಂದು ಎರಡೂ ಸರಕಾರಗಳು ತಮ್ಮ ಅಣುಕೇಂದ್ರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಒಪ್ಪಿಸುವ ಪದ್ಧತಿ ಬೆಳೆದು ಬಂದಿತು. 1999ರಲ್ಲಿ ಕಾರ್ಗಿಲ್ಲಿನಲ್ಲಿ ರಕ್ತ ಹರಿಯಿತು. ಆದರೂ 2000ದ ಜನವರಿ 1ರಂದು ಪಟ್ಟಿಗಳು ಕೈಬದಲಾದವು. ಅದರಲ್ಲಿ ಸ್ನೇಹವಿಲ್ಲ, ನಂಬಿಕೆಯೂ ಹೆಚ್ಚಿಲ್ಲ. ಆದರೆ ಒಂದು ಮಿತಿಯಿದೆ, ವೈರಿಗಳೇ ಕೂಡಿ ಎಳೆದುಕೊಂಡ ಮಿತಿ. ಪೋಪ್ ಇಪ್ಪತ್ತಮೂರನೆಯ ಜಾನ್ ಅವರು 1963ರ ತಮ್ಮ ವಿಶ್ವಪತ್ರದಲ್ಲಿ, ಶಾಂತಿ ನಿಲ್ಲುವುದು ಶಸ್ತ್ರಗಳ ಸಮತೋಲದ ಮೇಲಲ್ಲ, ಪರಸ್ಪರ ವಿಶ್ವಾಸದ ಮೇಲೆ ಎಂದು ಬೋಧಿಸಿದ್ದರು. ಅಂತಹ ವಿಶ್ವಾಸ ಒಮ್ಮೆಲೇ ಆಕಾಶದಿಂದ ಇಳಿಯದು. ಇಂತಹ ಸಣ್ಣ, ಒಣ, ವರ್ಷಂಪ್ರತಿಯ ಪಟ್ಟಿಗಳಿಂದಲೇ ಅದು ಮೊಳೆಯಬೇಕು.

ಆದುದರಿಂದ, ಪ್ರಿಯ ಓದುಗರೇ, ಮುಂದೆ ಯಾವುದೇ ದೇಶದ ನಾಯಕರು ವೈರಿಯ ಅಣುಸ್ಥಾವರವನ್ನು ಹೊಡೆದುಹಾಕುವ ಮಾತನಾಡಿದಾಗ ಅವರ ಧೈರ್ಯಕ್ಕೆ ಚಪ್ಪಾಳೆ ತಟ್ಟುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳೋಣ. ಅಪಾಯ ನಿಶ್ಚಿತವೇ? ಬೇರೆ ಹಾದಿಗಳೆಲ್ಲ ಮುಚ್ಚಿವೆಯೇ? ದಾಳಿಯಿಂದ ಅಪಾಯ ನಾಶವಾಗುವುದೇ, ನೆಲದಡಿ ಅಡಗುವುದೇ? ಸಾಯುವವರು ಯಾರು? ಈ ನಾಲ್ಕಕ್ಕೂ ಉತ್ತರ ದೊರೆಯುವವರೆಗೆ ತಾಳುವುದನ್ನು ಹೇಡಿತನವೆಂದು ಯಾರಾದರೂ ಕರೆಯಲಿ. ನಾವು ಅದನ್ನು ವಿವೇಕವೆಂದೇ ಕರೆಯುತ್ತೇವೆ.