ಉಪ್ಪು ಸೊಳೆ, ಮಟ್ಟುಗುಳ್ಳ, ಸ್ಕ್ಯಾನಿಂಗ್ ಸೆಂಟರಿನ ಬೋರ್ಡು: ಜೀವಕೋಶದ ಪಾಠ ಪರೀಕ್ಷೆಗೆ ಮೊದಲು ಹೀಗೆ ಓದಿ

ಕುಂದಾಪುರ: ಜೀವಶಾಸ್ತ್ರ ಅಂದ್ರೆ ಬಾಯಿಪಾಠ ಎನ್ನುವ ಮಾತು ಇನ್ನೂ ಹೋಗಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ‘ಕೋಶಕೇಂದ್ರ’, ‘ರಸದಾನಿ’ ಎಂದು ಓದಿದ ಮಕ್ಕಳಿಗೆ ಪಿಯುಸಿಗೆ ಬಂದ ಕೂಡಲೇ ಅದೇ ವಸ್ತು ‘ನ್ಯೂಕ್ಲಿಯಸ್’, ‘ವ್ಯಾಕ್ಯೂಲ್’ ಆಗುತ್ತದೆ. ಹೆಸರು ಬದಲಾಗಿದೆ, ವಿಷಯ ಅದೇ ಎಂದು ಗೊತ್ತಾಗುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಜೈವಿಕ ತಂತ್ರಜ್ಞಾನದ ಪಾಠದ ಕೊನೆಗೆ ಬರುವ ನೈತಿಕ ಪ್ರಶ್ನೆಗಳ ಭಾಗವನ್ನಂತೂ ಎಷ್ಟೋ ಮಕ್ಕಳು ಓದದೇ ಬಿಡುತ್ತಾರೆ. ಆದರೆ ಈ ಎರಡೂ ಪಾಠ ನಮ್ಮ ಜಿಲ್ಲೆಯ ಅಡುಗೆಮನೆಯಲ್ಲಿ, ತರಕಾರಿ ಅಂಗಡಿಯಲ್ಲಿ ಇದೆ. ಅಲ್ಲಿಂದಲೇ ಶುರು ಮಾಡಿದರೆ ನೆನಪಿಡುವುದು ಸುಲಭ.

ಮೊದಲು ಇಸವಿಗಳು

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ‘ಸೆಲ್’ ಎಂಬ ಹೆಸರು ಕೊಟ್ಟ. ಅವನು ಕಂಡದ್ದು ಸತ್ತ ಕೋಶಗಳ ಗೋಡೆ ಮಾತ್ರ. ಜೀವಂತ ಕೋಶವನ್ನು ಮೊದಲು ಕಂಡವನು ಲೀವೆನ್‌ಹಾಕ್. 1831ರಲ್ಲಿ ರಾಬರ್ಟ್ ಬ್ರೌನ್ ಕೋಶಕೇಂದ್ರವನ್ನು ಗುರುತಿಸಿದ. 1838ರಲ್ಲಿ ಶ್ಲೈಡೆನ್ ಸಸ್ಯಗಳಿಗೆ, 1839ರಲ್ಲಿ ಶ್ವಾನ್ ಪ್ರಾಣಿಗಳಿಗೆ ಅನ್ವಯಿಸಿ ಕೋಶ ಸಿದ್ಧಾಂತ ಹೇಳಿದರು. ಕೋಶ ಹುಟ್ಟುವುದು ಇನ್ನೊಂದು ಕೋಶದಿಂದಲೇ ಎಂದು 1855ರಲ್ಲಿ ವಿರ್ಚೋ ಸೇರಿಸಿದ.

ತಪ್ಪುವ ಜಾಗ ಇವು

* ಕೋಶಪೊರೆ ಎಲ್ಲ ಕೋಶಗಳಿಗೂ ಇದೆ. ಕೋಶಭಿತ್ತಿ ಸಸ್ಯಗಳಿಗೆ ಇದೆ, ಪ್ರಾಣಿಗಳಿಗೆ ಇಲ್ಲ.
* ಬ್ಯಾಕ್ಟೀರಿಯಾದ ಕೋಶಕ್ಕೆ ಪೊರೆಯಿಂದ ಸುತ್ತಿದ ಕೋಶಕೇಂದ್ರ ಇಲ್ಲ, ಅದು ಪ್ರೊಕ್ಯಾರಿಯೋಟ್. ಸಸ್ಯ, ಪ್ರಾಣಿಗಳದ್ದು ಯೂಕ್ಯಾರಿಯೋಟ್. ಪ್ರೋಟೀನು ತಯಾರಿಸುವ ರೈಬೋಸೋಮ್ ಎರಡರಲ್ಲೂ ಇದೆ.
* ಮನುಷ್ಯನ ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ.
* ಮೈಟಾಸಿಸ್‌ನಲ್ಲಿ 46 ಕ್ರೋಮೋಸೋಮ್ ಇರುವ ಕೋಶದಿಂದ 46 ಇರುವ ಎರಡು ಕೋಶ ಬರುತ್ತವೆ. ಮಿಯಾಸಿಸ್‌ನಲ್ಲಿ 23 ಇರುವ ನಾಲ್ಕು.

ಉಪ್ಪು ಸೊಳೆಯಲ್ಲಿ ನೀರು ಬಂದದ್ದೆಲ್ಲಿಂದ?

ಹಲಸಿನ ಸೊಳೆಗೆ ಉಪ್ಪು ಹಾಕಿ ಭರಣಿಯಲ್ಲಿ ಒತ್ತಿಟ್ಟರೆ ನಾಲ್ಕು ದಿನದಲ್ಲಿ ನೀರು ಬಿಟ್ಟಿರುತ್ತದೆ. ಯಾರೂ ನೀರು ಹೊಯ್ದಿಲ್ಲ. ಹೊರಗೆ ಉಪ್ಪು ಹೆಚ್ಚಾದಾಗ ಕೋಶದ ಒಳಗಿನ ನೀರು ಪೊರೆ ದಾಟಿ ಹೊರಗೆ ಬರುತ್ತದೆ. ಇದೇ ಅಭಿಸರಣೆ, ಇಂಗ್ಲಿಷಿನಲ್ಲಿ ಆಸ್ಮೋಸಿಸ್. ಒಣಮೀನು ಕೆಡದೆ ಉಳಿಯುವುದಕ್ಕೂ ಇದೇ ಕಾರಣ: ಕೊಳೆಸುವ ಬ್ಯಾಕ್ಟೀರಿಯಾದ ನೀರನ್ನೂ ಉಪ್ಪು ಎಳೆದು ಬಿಡುತ್ತದೆ.

ಇದಕ್ಕೆ ತಿರುಗುಮುರುಗಾಗಿ, ಕೋಶದ ಒಳಗೆ ನೀರು ನುಗ್ಗಿದರೆ ಎಂತ ಆಗುತ್ತದೆ? ಸಸ್ಯಕೋಶ ಬಿರುಸಾಗುತ್ತದೆ, ಆದರೆ ಭಿತ್ತಿ ಇರುವುದರಿಂದ ಒಡೆಯುವುದಿಲ್ಲ. ಪ್ರಾಣಿಕೋಶಕ್ಕೆ ಭಿತ್ತಿ ಇಲ್ಲ, ಉಬ್ಬಿ ಒಡೆಯುತ್ತದೆ. ಈ ಒಂದು ವಾಕ್ಯ ಮುಂದಿನ ಪಾಠಕ್ಕೂ ಬೇಕು.

ಗುಳ್ಳದ ಹುಳ ಮತ್ತು ಬಿಟಿ ಜೀನ್

ಬದನೆ ಬೆಳೆದವರಿಗೆ ಕಾಯಿ ಕೊರೆಯುವ ಹುಳದ ಕಾಟ ಗೊತ್ತು. ಮಣ್ಣಿನಲ್ಲಿರುವ ‘ಬ್ಯಾಸಿಲಸ್ ಥುರಿಂಜಿಯೆನ್ಸಿಸ್’ ಎಂಬ ಬ್ಯಾಕ್ಟೀರಿಯಾದ ಒಂದು ಜೀನನ್ನು ಬದನೆಯ ಕೋಶಕ್ಕೆ ಸೇರಿಸಿ ಮಾಡಿದ್ದೇ ಬಿಟಿ ಬದನೆ. ಆ ಜೀನ್ ತಯಾರಿಸುವ ಪ್ರೋಟೀನು ಹುಳದ ಕರುಳಿನ ಕ್ಷಾರದಲ್ಲಿ ಸಕ್ರಿಯವಾಗಿ ಕರುಳಿನ ಕೋಶಗಳಲ್ಲಿ ತೂತು ಮಾಡುತ್ತದೆ. ನೀರು ನುಗ್ಗಿ ಕೋಶ ಒಡೆಯುತ್ತದೆ, ಹುಳ ಸಾಯುತ್ತದೆ. ‘ಬ್ಯಾಕ್ಟೀರಿಯಾ ತಾನೇ ಯಾಕೆ ಸಾಯುವುದಿಲ್ಲ?’ ಎಂದು ಕೇಳಿದರೆ ಉತ್ತರ ಸರಳ: ಅದರೊಳಗೆ ಈ ವಿಷ ನಿಷ್ಕ್ರಿಯ ರೂಪದಲ್ಲಿರುತ್ತದೆ.

ಇಲ್ಲಿಗೆ ವಿಜ್ಞಾನ ಮುಗಿಯಿತು, ನೈತಿಕ ಪ್ರಶ್ನೆ ಶುರುವಾಯಿತು. 2009ರ ಅಕ್ಟೋಬರಿನಲ್ಲಿ ಕೇಂದ್ರದ ಜಿಇಎಸಿ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿಸಿತು. ಬೆಂಗಳೂರೂ ಸೇರಿ 7 ನಗರಗಳಲ್ಲಿ ಸಾರ್ವಜನಿಕ ಅಹವಾಲು ನಡೆಯಿತು. 2010ರ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಅದಕ್ಕೆ ತಡೆ ಹಾಕಿದರು. ಕೀಟನಾಶಕ ಕಡಿಮೆಯಾಗುತ್ತದೆ ಎಂಬುದು ಪರ ಇದ್ದವರ ವಾದ. ದೀರ್ಘಕಾಲದ ಸ್ವತಂತ್ರ ಪರೀಕ್ಷೆ ಆಗಿಲ್ಲ, ಪರಾಗದ ಮೂಲಕ ನಾಟಿ ತಳಿಗೆ ಜೀನ್ ಸೇರಬಹುದು ಎಂಬುದು ವಿರೋಧಿಗಳ ವಾದ. ಪಕ್ಕದ ಬಾಂಗ್ಲಾದೇಶ 2013ರಲ್ಲಿ ಒಪ್ಪಿಗೆ ಕೊಟ್ಟಿತು.

ಉಡುಪಿಗೆ ಇದು ದೂರದ ಸುದ್ದಿಯಲ್ಲ. ಪ್ರಯೋಗಕ್ಕೆ ಬಳಸಿದ ಕರ್ನಾಟಕದ ತಳಿಗಳ ಪಟ್ಟಿಯಲ್ಲಿ ‘ಉಡುಪಿ ಲೋಕಲ್’ ಎಂಬ ಹೆಸರೂ ಇತ್ತು. ಊರಿನವರ ತಳಿ ಬಳಸುವಾಗ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಡೆಯಬೇಕಾದ ಒಪ್ಪಿಗೆ ಪಡೆದಿಲ್ಲ ಎಂದು 2010ರಲ್ಲಿ ದೂರು ಹೋಯಿತು, ಮುಂದೆ ವಿಷಯ ಕೋರ್ಟ್ ಮೆಟ್ಟಿಲೇರಿತು. ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ ಬೆಳೆಯುವ ಗುಳ್ಳದ ಬೀಜವನ್ನು ವಾದಿರಾಜ ಸ್ವಾಮಿಗಳು ಕೊಟ್ಟದ್ದು ಎಂಬ ನಂಬಿಕೆ ಇದೆ. ತಲೆಮಾರುಗಳಿಂದ ಬೀಜ ಉಳಿಸಿದ್ದು ಅಲ್ಲಿನ ರೈತರು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕ ಸಿಕ್ಕಿತು.

ಒಪ್ಪಿಗೆ ಇಲ್ಲದೆ, ಲಾಭದಲ್ಲಿ ಪಾಲು ಕೊಡದೆ ಊರಿನವರ ಜೀವಸಂಪತ್ತು, ಸಾಂಪ್ರದಾಯಿಕ ಜ್ಞಾನ ಬಳಸುವುದಕ್ಕೆ ಪಠ್ಯದಲ್ಲಿರುವ ಹೆಸರು ‘ಬಯೋಪೈರಸಿ’. ಇದಕ್ಕಾಗಿಯೇ ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎಂದು ಕಾಯಿದೆ ಹೇಳುತ್ತದೆ.

ಬೋರ್ಡಿನ ಹಿಂದಿನ ಪಾಠ

‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡನ್ನು ಸ್ಕ್ಯಾನಿಂಗ್ ಸೆಂಟರಿಗೆ ಹೋದವರೆಲ್ಲ ನೋಡಿದ್ದಾರೆ. ಅದು 1994ರ ಕಾಯಿದೆಯ ಬೋರ್ಡು. ಗರ್ಭದ ಸುತ್ತಲಿನ ದ್ರವದಲ್ಲಿ ಮಗುವಿನ ಕೋಶಗಳಿರುತ್ತವೆ. ಅವುಗಳ ಕ್ರೋಮೋಸೋಮ್ ಎಣಿಸಿದರೆ ಡೌನ್ ಸಿಂಡ್ರೋಮ್‌ನಂಥ ತೊಂದರೆ ತಿಳಿಯುತ್ತದೆ. 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. ಅದೇ ಪರೀಕ್ಷೆಯಲ್ಲಿ ಹೆಣ್ಣೋ ಗಂಡೋ ಎಂಬುದೂ ತಿಳಿಯುತ್ತದೆ. ತಂತ್ರ ಒಂದೇ, ಬಳಕೆ ಬೇರೆ. ಹೆಣ್ಣುಭ್ರೂಣ ತೆಗೆಸಲು ಬಳಕೆಯಾದ್ದರಿಂದ ಕಾನೂನು ಬಂತು.

ಇನ್ನೊಂದು ಅಂಶ ಮಕ್ಕಳಿಗಿಂತ ಮನೆಯ ಹಿರಿಯರು ಓದಬೇಕಾದ್ದು. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಇರುತ್ತದೆ. ತಂದೆಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಹೆಣ್ಣು ಹುಟ್ಟಿತೆಂದು ಸೊಸೆಯನ್ನು ದೂರುವುದಕ್ಕೆ ಕೋಶದಲ್ಲಿ ಆಧಾರವೇ ಇಲ್ಲ.

ಒಪ್ಪಿಗೆಯ ಪ್ರಶ್ನೆಗೆ ಜಗತ್ತಿನ ಉದಾಹರಣೆ ಬೇಕಿದ್ದರೆ ಹೆನ್ರಿಯೆಟಾ ಲ್ಯಾಕ್ಸ್ ಹೆಸರು ಬರೆಯಬಹುದು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆಕೆಯ ಕ್ಯಾನ್ಸರ್ ಗಡ್ಡೆಯ ಕೋಶಗಳನ್ನು ಕೇಳದೆ ತೆಗೆದರು. ‘ಹೀಲಾ’ ಹೆಸರಿನ ಆ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಪೋಲಿಯೋ ಲಸಿಕೆಯ ಪರೀಕ್ಷೆಗೂ ಅವು ನೆರವಾದವು.

ಉತ್ತರ ಬರೆಯುವುದು ಹೇಗೆ?

ನೈತಿಕ ಪ್ರಶ್ನೆಗೆ ಬರೀ ‘ಒಳ್ಳೆಯದು’, ‘ಕೆಟ್ಟದ್ದು’ ಎಂದು ಬರೆದರೆ ಉತ್ತರ ತುಂಬುವುದಿಲ್ಲ. ಕ್ರಮ ಇಷ್ಟು: ತಂತ್ರ ಎಂತದ್ದು, ಕೋಶದಲ್ಲಿ ಏನು ನಡೆಯುತ್ತದೆ, ಲಾಭ ಯಾರಿಗೆ, ತೊಂದರೆ ಯಾರಿಗೆ, ಒಪ್ಪಿಗೆ ಕೇಳಿದ್ದಾರಾ, ಕಾನೂನು ಏನು ಹೇಳುತ್ತದೆ.

ರಾತ್ರಿ ಅಂಗಡಿ ಬಾಗಿಲು ಹಾಕುವ ಮೊದಲು ಪಾಲಕರು ಮಕ್ಕಳಿಗೆ ಕೇಳಬಹುದಾದ ಐದು ಪ್ರಶ್ನೆ:

1. ಸೊಳೆ ನೀರು ಬಿಡುವುದು ಎಂತಕ್ಕೆ?
2. ನೀರು ತುಂಬಿದರೂ ಸಸ್ಯಕೋಶ ಯಾಕೆ ಒಡೆಯುವುದಿಲ್ಲ?
3. ಬ್ಯಾಕ್ಟೀರಿಯಾದಲ್ಲಿ ಇಲ್ಲದ್ದು, ಬದನೆಯ ಕೋಶದಲ್ಲಿ ಇರುವುದು ಯಾವುದು?
4. ಮಗು ಹೆಣ್ಣೋ ಗಂಡೋ ಎಂದು ತೀರ್ಮಾನಿಸುವ ಕೋಶ ಯಾರದ್ದು?
5. ಗುಳ್ಳದ ಬೀಜ ಯಾರದ್ದು? ಯಾಕೆ?

ಮೊದಲ ನಾಲ್ಕಕ್ಕೆ ಉತ್ತರ ಪುಸ್ತಕದಲ್ಲಿದೆ. ಐದನೆಯದಕ್ಕೆ ಮಗು ಕಾರಣ ಕೊಟ್ಟು ಹೇಳಿದರೆ ಪಾಠ ಅರ್ಥವಾಗಿದೆ ಎಂದೇ ಲೆಕ್ಕ.