ಮೈಸೂರಿನ ಜಾವಾ, ಚೆನ್ನೈನ ಕೆಮ್ಮು

ನಿಮ್ಮ ಮನೆಯ ಮೂಲೆಯಲ್ಲಿ ಇನ್ನೂ ಒಂದು ಜಾವಾ ಅಥವಾ ಯೆಜ್ಡಿ ನಿಂತಿದೆಯೇ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಬಂದ ಗಾಡಿಯ ಆರೈಕೆ ಈಗ ನಿಮ್ಮದೇ.

ತಿಂಗಳುಗಟ್ಟಲೆ ನಿಂತ ಗಾಡಿ ಕಿಕ್ ಹೊಡೆದರೆ ಒಮ್ಮೆ ಕೆಮ್ಮಿ ಆರಿಹೋಗುತ್ತದೆ. ಪ್ಲಗ್ಗಿನಲ್ಲಿ ಕಿಡಿ ಬರುತ್ತಿದ್ದರೆ ಕಾರ್ಬುರೇಟರ್ ನೋಡಿ. ಪೆಟ್ರೋಲ್ ಆರಿ ಉಳಿದ ಅಂಟು ಜೆಟ್ಟಿನ ಸಣ್ಣ ರಂಧ್ರವನ್ನು ಕಟ್ಟಿಬಿಟ್ಟಿರುತ್ತದೆ. ಈಗಿನ ಪೆಟ್ರೋಲಿನ ಎಥೆನಾಲ್ ಬೇರೆ ತೇವ ಹೀರುತ್ತದೆ. ನಮ್ಮ ಕಡಲೂರಿನಲ್ಲಿ ತೇವಕ್ಕೇನು ಬರ!

ಬಯಲಿನಲ್ಲಿ, ದೇವರ ದೀಪದಿಂದ ದೂರ ಕುಳಿತು ಬಿಚ್ಚಿ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ, ಹೊರಗೆ ಸೋರುವುದೂ ಅದರಿಂದಲೇ. ಜೆಟ್ಟಿಗೆ ತಂತಿ ತೂರಿಸಬೇಡಿ, ರಂಧ್ರ ಹಿಗ್ಗುತ್ತದೆ. ಪೆಟ್ರೋಲಿನಲ್ಲಿ ನೆನೆಸಿ ಸೈಕಲ್ ಪಂಪಿನಿಂದ ಗಾಳಿ ಊದಿದರೆ ಸಾಕು.

‘ಹೇಗೋ ಓಡುತ್ತಿದೆಯಲ್ಲ’ ಎಂದು ಅರ್ಧ ಕಟ್ಟಿದ ಜೆಟ್ಟಿನಲ್ಲೇ ಮಹಾಬಲಿಪುರಕ್ಕೆ ಹೊರಡುವವರಿಗೆ ಒಂದು ಮಾತು. ಇದು ಟೂ ಸ್ಟ್ರೋಕ್ ಎಂಜಿನ್. ಅದಕ್ಕೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಬರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಕಾವು ಮಾತ್ರ ಹೆಚ್ಚು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡರೆ ಓಟದಲ್ಲೇ ಹಿಂಚಕ್ರ ಬಿಗಿದು ನಿಲ್ಲುತ್ತದೆ. ಬೆನ್ನಿಗೆ ಲಾರಿಯಿದ್ದರೆ ಏನು ಗತಿ? ವೇಗ ತಾನಾಗಿ ಕುಗ್ಗಿ ಎಂಜಿನ್ ಬಿಗಿಯತೊಡಗಿದೊಡನೆ ಕ್ಲಚ್ ಹಿಡಿದು ಬದಿಗೆ ಬನ್ನಿ.

ಜೆಟ್ ತೊಳೆದ ಮೇಲೂ ಮೊದಲು ಬೀದಿಯಲ್ಲೇ ನಾಲ್ಕು ಸುತ್ತು ಹಾಕಿ, ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿಯ ಬಣ್ಣವಿದ್ದರೆ ಹೊರಡಬಹುದು. ಬೂದಿಯಂತೆ ಬಿಳಿಚಿದ್ದರೆ ಮತ್ತೆ ಸ್ಪ್ಯಾನರ್ ಹಿಡಿಯಿರಿ.