ಎತ್ತಿನಗಾಡಿ ಕಲಿಸಿದ ವಿಮಾನದ ಪಾಠ

ಮದ್ದೂರು–ಮಳವಳ್ಳಿ ರಸ್ತೆಯ ನಮ್ಮೂರಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಪೈಲಟ್ ತಾತ’ ಎಂದೇ. ವಾಯುಪಡೆಯಿಂದ ನಿವೃತ್ತರಾಗಿ ಬಂದು ಈಗ ಕಬ್ಬು ಬೆಳೆಯುತ್ತಾರೆ. ಕಳೆದ ತಿಂಗಳು ಮಂಡ್ಯದ ಕಾಲೇಜಿನಿಂದ ಸಪ್ಪೆ ಮುಖ ಹಾಕಿಕೊಂಡು ಬಸ್ಸಿಳಿದೆ. ಕ್ಯಾಂಪಸ್ ಸಂದರ್ಶನಕ್ಕೆ ಕರೆದಿದ್ದು ಕಂಪ್ಯೂಟರ್ ಸೈನ್ಸ್‌ನವರನ್ನಷ್ಟೇ. ನಾನು ಮೆಕ್ಯಾನಿಕಲ್, ಅದೂ ಬೇರೆ ಸೀಟು ಸಿಗದೆ ಸೇರಿದವನು.

‘ನಂಗೂ ಕೇಳಿದ್ದು ಸಿಗಲಿಲ್ಲ ಕಣಪ್ಪ’ ಎಂದರು ತಾತ, ಜಗಲಿಯ ಮೇಲೆ ಜಾಗ ಬಿಡುತ್ತಾ.

ಆರಂಭದ ತರಬೇತಿಯ ನಂತರ ಪೈಲಟ್‌ಗಳನ್ನು ಯುದ್ಧವಿಮಾನ, ಸಾಗಣೆ ವಿಮಾನ, ಹೆಲಿಕಾಪ್ಟರ್ ಎಂದು ವಿಂಗಡಿಸುತ್ತಾರೆ. ತಾತನಿಗೆ ಯುದ್ಧವಿಮಾನದ ಹುಚ್ಚು, ಸಿಕ್ಕಿದ್ದು ಸಾಗಣೆ. ‘ಆಕಾಶದ ಲಾರಿ ಡ್ರೈವರ್ ಆದ್ನಲ್ಲಾ ಅಂತ ಅವತ್ತು ಊಟಾನೇ ಮಾಡ್ಲಿಲ್ಲ.’

ಯಲಹಂಕದಲ್ಲಿ ಕಲಿತು ಅವರು ಹಾರಿಸಿದ್ದು ಎಎನ್-32. 1984ರಲ್ಲಿ ವಾಯುಪಡೆಗೆ ಸೇರಿದ ಈ ವಿಮಾನಕ್ಕೆ ಎರಡು ಎಂಜಿನ್. ಆರು ಟನ್‌ಗೂ ಹೆಚ್ಚು ಹೊರಬಲ್ಲದು. ಆದರೆ ಲೇಹ್ ಇರುವುದು 10,600 ಅಡಿಗೂ ಮೇಲೆ. ಅಲ್ಲಿ ಮೊದಲೇ ಗಾಳಿ ತೆಳು, ಬಿಸಿಲೇರಿದರೆ ಇನ್ನೂ ತೆಳು. ರೆಕ್ಕೆಗೂ ಎಂಜಿನ್ನಿಗೂ ಬಲ ಸಾಲದು. ಹಾಗಾಗಿ ಬೆಳಗ್ಗೆಯೇ ಹೋಗಿ ಬರಬೇಕು. ‘ಸೂರ್ಯ ಏರಿದಷ್ಟೂ ನಾವು ಹೊರೋ ಭಾರ ಇಳೀತಿತ್ತು.’

ಭಾರ ಎಷ್ಟಿದೆ ಎನ್ನುವಷ್ಟೇ ಮುಖ್ಯ, ಎಲ್ಲಿದೆ ಎನ್ನುವುದು. ‘ಅದನ್ನ ನಾನು ಕಲಿತಿದ್ದು ನಮ್ಮಪ್ಪನ ಕಬ್ಬಿನ ಗಾಡಿಲಿ’ ಎಂದು ನಕ್ಕರು. ಮುಂದೆ ಹೆಚ್ಚು ಹೇರಿದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ವಿಮಾನದ್ದೂ ಅದೇ ಲೆಕ್ಕ. ಗಡಿ ಠಾಣೆಗಳಿಗೆ ಪ್ಯಾರಾಚೂಟ್ ಕಟ್ಟಿದ ಸರಕನ್ನು ಹಿಂಬಾಗಿಲಿನಿಂದ ಬೀಳಿಸುವಾಗ ಇದು ಇನ್ನೂ ಸೂಕ್ಷ್ಮ. ಸರಕು ಹಿಂದಕ್ಕೆ ಜಾರುತ್ತಿದ್ದಂತೆ ವಿಮಾನದ ಮೂತಿ ಮೇಲೇಳುತ್ತದೆ. ಪೈಲಟ್ ಅದನ್ನು ತಡೆದು ಹಿಡಿಯಬೇಕು. ಸರಕು ಹೊರಬಿದ್ದ ಮರುಕ್ಷಣ ವಿಮಾನ ಹಗುರ. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ, ಬೆಟ್ಟಗಳ ನಡುವೆ.

ಲೇಹ್‌ನಲ್ಲಿ ಮೊದಲು ಇಳಿದದ್ದೂ ಸಾಗಣೆ ವಿಮಾನವೇ. 1948ರ ಮೇ ತಿಂಗಳಲ್ಲಿ ಮೆಹರ್ ಸಿಂಗ್ ಡಕೋಟಾ ಇಳಿಸಿದಾಗ ಜೊತೆಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ.

‘ಯುದ್ಧವಿಮಾನ ಸಿಗದಿದ್ದ ಬೇಜಾರು ಯಾವಾಗ ಹೋಯ್ತು ತಾತ?’ ಎಂದೆ.

‘ಒಂದ್ಸಲ ಮೂಟೆ ಇಳಿಸ್ಕೊಳ್ಳೋಕೆ ಬಂದ ಜವಾನ, ಅಕ್ಕಿ ಎಷ್ಟು ಬಂತು ಅಂತ ಕೇಳ್ಲಿಲ್ಲ. ಊರಿಂದ ಕಾಗದ ಬಂದಿದೆಯಾ ಸಾಬ್ ಅಂದ. ಇತ್ತು. ಅವನು ಅಲ್ಲೇ ಮೂಟೆ ಮೇಲೆ ಕೂತು ಓದ್ಕೊಂಡ. ಅವತ್ತೇ ಹೋಯ್ತು.’

ಅಂದು ರಾತ್ರಿ ಮೊದಲ ವರ್ಷದ ಮೆಕ್ಯಾನಿಕ್ಸ್ ಪುಸ್ತಕ ತೆಗೆದೆ. ಅಂಕಕ್ಕಾಗಿ ಬಾಯಿಪಾಠ ಮಾಡಿದ್ದ ಗುರುತ್ವ ಕೇಂದ್ರದ ಪಾಠ ಈಗ ಅರ್ಥವಾಯಿತು. ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ ವರ್ಷಕ್ಕೆರಡು ಬಾರಿ ನಡೆಯುತ್ತದೆ. ಎಂಜಿನಿಯರಿಂಗ್ ಪದವೀಧರರೂ ಬರೆಯಬಹುದು ಎಂದು ತಾತನೇ ತಿಳಿಸಿದರು. ಬರೆಯಬೇಕೆಂದಿದ್ದೇನೆ. ಪಾಸಾಗುತ್ತೇನೋ ಇಲ್ಲವೋ! ಆದರೆ ‘ಬರೀ ಮೆಕ್ಯಾನಿಕಲ್’ ಎಂದು ಹೇಳಿಕೊಳ್ಳುವುದನ್ನಂತೂ ಬಿಟ್ಟಿದ್ದೇನೆ.